ಹಾಗಾದರೆ ಎಷ್ಟು ಸುತ್ತು?

ಮಾರ್ಚ್ 3, ಸೋಮವಾರ

ದಿನಾಂಕ ಗೊತ್ತಾಯಿತು! ಮೇ ಹದಿನಾಲ್ಕಕ್ಕೆ ಜೌಗು ನೋಡಲು ಸಮಿತಿ ಬರುತ್ತದೆ. ಪತ್ರ ಓದಿದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಗ್ಗೆಯಿಂದ ಮೂರು ಲೋಟ ಚಹಾ ಕುಡಿದಿದ್ದೇನೆ. ಅದರಲ್ಲಿ ಎರಡನ್ನು ಕುಡಿದ ನೆನಪೇ ಇಲ್ಲ.

ಈ ಪುಸ್ತಕವನ್ನು ಬೇರೆ ಯಾರೂ ಓದುವುದಿಲ್ಲ. ಆದರೂ ಹತ್ತು ವರ್ಷ ಬಿಟ್ಟು ನಾನೇ ತೆಗೆದು ನೋಡಿದರೆ ತಲೆಬುಡ ತಿಳಿಯಬೇಕಲ್ಲ, ಅದಕ್ಕೆ ಬರೆದಿಡುತ್ತೇನೆ. ಐವತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಅಳಿವೆಯ ದಡಕ್ಕೆ ಒಡ್ಡು ಕಟ್ಟಿ ಸಮುದ್ರವನ್ನು ಹೊರಗಿಟ್ಟರು. ಒಳಗಿದ್ದ ಜೌಗು ಒಣಗಿ, ಬಿರುಕುಬಿಟ್ಟು, ಸತ್ತಿತು. ಮೂರು ವರ್ಷದ ಹಿಂದೆ ಮೂಲೆಯ ಸಣ್ಣ ತೂಬನ್ನು ಸ್ವಲ್ಪ ಎತ್ತಿ, ಭರತದ ನೀರು ದಿನಕ್ಕೆರಡು ಸಲ ಆರು ತುಂಡು ನೆಲಕ್ಕೆ ಬಂದು ಹೋಗುವಂತೆ ಮಾಡಿದರು. ಆ ಆರರಲ್ಲಿ ಯಾರೂ ಒಂದು ಗಿಡವನ್ನೂ ನೆಟ್ಟಿಲ್ಲ, ತಾವಾಗಿಯೇ ಏಳುತ್ತಿವೆ! ಏಳನೇ ತುಂಡಿಗೆ ಮಾತ್ರ ನೀರೂ ಇಲ್ಲ, ಆರೈಕೆಯೂ ಇಲ್ಲ. ಅದನ್ನು ಹೋಲಿಕೆಗೆಂದೇ ಹಾಗೇ ಬಿಟ್ಟದ್ದು. ನೀರು ಬಂದ ಕಡೆ ಏನಾಯಿತು, ಬರದ ಕಡೆ ಏನಾಯಿತು ಎಂದು ಪಕ್ಕಪಕ್ಕದಲ್ಲಿ ತೋರಿಸಬೇಕು. ನನ್ನ ಮೂರು ವರ್ಷದ ಸಂಶೋಧನೆಯೆಲ್ಲ ಆ ಬೋಳು ನೆಲದ ಮೇಲೆ ನಿಂತಿದೆ.

ಸಮಿತಿ ಒಪ್ಪಿದರೆ ಒಡ್ಡಿನ ದೊಡ್ಡ ತೂಬು ತೆರೆಯುತ್ತದೆ, ಇಡೀ ಜೌಗಿಗೆ ಸಮುದ್ರ ವಾಪಸ್ಸು ಬರುತ್ತದೆ. ಒಪ್ಪದಿದ್ದರೆ ಸಣ್ಣದನ್ನೂ ಮುಚ್ಚಿ, ಒಳಗೆಲ್ಲ ನರ್ಸರಿಯ ಸಸಿ ನೆಟ್ಟು ಫಲಕ ಹಾಕಿ ಹೋಗುತ್ತಾರೆ. ಈ ಎರಡನೇ ಉಪಾಯ ದಾರಪ್ಪನದು.

ದಾರಪ್ಪ ಎಂದರೆ ನಮ್ಮ ಮ್ಯಾನೇಜರ್. ನಲವತ್ತು ವರ್ಷ ಉದ್ಯಾನಗಳಲ್ಲಿ ದುಡಿದು ಇಲ್ಲಿಗೆ ಬಂದವನು. ಗೂಟ ಹೊಡೆದು ದಾರ ಕಟ್ಟದೆ ಒಂದು ಹುಲ್ಲನ್ನೂ ನೆಡುವುದಿಲ್ಲ, ಅದಕ್ಕೆ ನಾನಿಟ್ಟ ಹೆಸರು. ನಾನು ಕೊಟ್ಟ ನಾಲ್ಕು ವರದಿಯಲ್ಲಿ ಒಂದನ್ನೂ ಓದಿಲ್ಲ. ಹಾಗೆಂದು ಬರೆಯುವುದೇ ಇಲ್ಲ ಎನ್ನುವಂತಿಲ್ಲ, ದಿನಾ ರಿಜಿಸ್ಟರ್ ಬರೆಯುತ್ತಾನೆ. ನಿನ್ನೆಯದು ಹೀಗಿತ್ತು: “ತೂಬು ಎರಡು ಸುತ್ತು. ಗಾಳಿ ಸಾಧಾರಣ. ಕಾಗೆ ಎರಡು.” ಕಾಗೆ ಯಾತಕ್ಕೆ ಮಹಾರಾಯ!

ಮಾರ್ಚ್ 5, ಬುಧವಾರ

ಪೆನ್ನು ಒತ್ತಿ ಒತ್ತಿ ಕಾಗದ ಹರಿಯುತ್ತಿದೆ. ಅಕ್ಷರ ಓರೆಯಾದರೆ ಆಗಲಿ.

ಬೆಳಗ್ಗೆ ಬೂಟು ಹಾಕಿಕೊಳ್ಳುತ್ತಿದ್ದಾಗ ದಾರಪ್ಪ ಮುಖವರಳಿಸಿಕೊಂಡು ಬಂದ.

“ಡಾಕ್ಟ್ರಮ್ಮ, ಬನ್ನಿ ಬನ್ನಿ. ನಿಮಗೊಂದು ತೋರಿಸ್ಬೇಕು.”

ಹೋದೆ. ಏಳನೇ ತುಂಡಿನಲ್ಲಿ ಆರುನೂರು ಸಸಿ! ಮೊಣಕಾಲೆತ್ತರದವು, ಒಂದಕ್ಕಿಂತ ಒಂದು ಚೆಂದ, ಗೆರೆ ಹೊಡೆದ ಹಾಗೆ ಸಾಲಾಗಿ. ನಿನ್ನೆ ಒಂದೇ ದಿನದಲ್ಲಿ ಕೆಲಸದವರನ್ನೆಲ್ಲ ಸೇರಿಸಿ ನೆಡಿಸಿದ್ದಾನೆ.

“ಸಮಿತಿ ಬರುತ್ತಲ್ಲಾ, ಇದೊಂದು ಬೋಳು ಬೋಳಾಗಿ ನಿಮ್ಮ ಮರ್ಯಾದೆ ತೆಗೀತಿತ್ತು. ನರ್ಸರೀಲಿದ್ದ ಒಳ್ಳೇ ಸಸಿ ಎಲ್ಲಾ ಇಲ್ಲಿಗೇ ಹಾಕ್ಸಿದೀನಿ. ಹೇಗಿದೆ?”

ಏನೇನು ಕೂಗಿದೆನೋ ನನಗೇ ನೆನಪಿಲ್ಲ. ಕೆಲಸದವರು ಸಲಿಕೆ ಹಿಡಿದು ನಿಂತಲ್ಲೇ ನಿಂತಿದ್ದರು. ಕೊನೆಗೆ ಅವನು ಕೇಳಿದ್ದು ಮಾತ್ರ ನೆನಪಿದೆ.

“ಇದನ್ನ ಮುಟ್ಟಬಾರ್ದು ಅಂತ ನನಗೆ ಯಾರು ಹೇಳಿದ್ರು?”

“ವರದೀಲಿದೆ! ನಾಲ್ಕೂ ವರದೀಲಿದೆ!”

ಅವನು ಬಗ್ಗಿ ದಾರ ಸುತ್ತಿಕೊಂಡು ಹೋದ. ಮೂರು ವರ್ಷ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು. ಈಗ ಕಿತ್ತರೂ ಪ್ರಯೋಜನವಿಲ್ಲ. ಆರುನೂರು ಗುಂಡಿ ತೋಡಿದ ನೆಲ ಮೊದಲಿನ ನೆಲವಾಗುವುದಿಲ್ಲ.

ಮಾರ್ಚ್ 6, ಗುರುವಾರ

ಮಾತಿಲ್ಲ. ಅವನೂ ಆಡಲಿಲ್ಲ, ನಾನೂ ಆಡಲಿಲ್ಲ. ಆಡುವುದೂ ಇಲ್ಲ.

ಮಾರ್ಚ್ 11, ಮಂಗಳವಾರ

ವರದಿಯಿಂದ ಏಳನೇ ತುಂಡನ್ನು ತೆಗೆದುಹಾಕಲು ತೀರ್ಮಾನಿಸಿದೆ. ಇದ್ದದ್ದು ಆರೇ ತುಂಡು ಎನ್ನುವ ಹಾಗೆ ಬರೆದರಾಯಿತು. ಯಾರು ಎಣಿಸುತ್ತಾರೆ?

ಸಂಜೆ ಅಕ್ಕ ಆಸ್ಪತ್ರೆಯಿಂದ ಬಂದು ಕಾಲಿಗೆ ಬಿಸಿನೀರು ಹಾಕಿಕೊಂಡು ಕೂತಿದ್ದಳು. ಇಪ್ಪತ್ತೆರಡು ವರ್ಷದಿಂದ ನರ್ಸ್, ಕಾಲು ಊದುವುದು ಅವಳಿಗೆ ಹೊಸದಲ್ಲ. ಒಂದು ವಾರದ ಹೊಟ್ಟೆ ಉರಿಯನ್ನೆಲ್ಲ ಅವಳ ಮುಂದೆ ಕಕ್ಕಿದೆ. ಪಾಪ ಎನ್ನುತ್ತಾಳೆ ಎಂದುಕೊಂಡರೆ ನಕ್ಕುಬಿಟ್ಟಳು!

“ಅವರನ್ನ ಅಲ್ಲಿ ನಿಲ್ಲಿಸಿ, ಇದು ಯಾಕೆ ಬೋಳಾಗಿದೆ ಅಂತ ಒಂದ್ಸಲನಾದ್ರೂ ಹೇಳಿದ್ಯೇನೆ?”

“ವರದಿ ಕೊಟ್ಟಿದೀನಲ್ಲ.”

“ರೋಗೀನ ನಾವು ಬರೀ ಕಾಗದದಲ್ಲಿ ಒಪ್ಸಲ್ಲ ಕಣೇ. ಪಾಳಿ ಬದಲಾದಾಗ ಮಂಚದ ಪಕ್ಕ ನಿಂತು ಒಪ್ಸೋದು. ಮೂರೇ ಮಾತು. ಏನಾಗಿದೆ, ಏನು ಮಾಡಿದ್ವಿ, ನೀನೇನು ಮಾಡ್ಬೇಕು. ಕೇಳಿಸ್ಕೊಂಡೋಳು ಅದನ್ನ ವಾಪಸ್ ಹೇಳ್ಬೇಕು. ತಪ್ಪಾಗಿ ಹೇಳಿದ್ರೆ ತಪ್ಪು ಅವಳದಲ್ಲ, ಒಪ್ಸಿದೋಳದು.”

“ಅದೆಂಥ ನ್ಯಾಯ?”

“ರೋಗಿ ಬದುಕೋ ನ್ಯಾಯ. ಟವೆಲ್ ಕೊಡು.”

ಮಾರ್ಚ್ 12, ಬುಧವಾರ

ಇವತ್ತು ಏನೇನೆಲ್ಲ ಆಯಿತು! ಎಲ್ಲಿಂದ ಶುರು ಮಾಡಲಿ?

ತೂಬಿನ ಲೆಕ್ಕ ಬೇಕಾಗಿ ಆಫೀಸಿನ ತಗಡಿನ ಶೆಡ್ಡಿಗೆ ಹೋದೆ. ರಿಜಿಸ್ಟರ್ ತೆಗೆಯಲು ಮೇಜಿನ ಖಾನೆ ಎಳೆದರೆ ಕೈಗೆ ಸಿಕ್ಕಿದ್ದು ನನ್ನ ನಾಲ್ಕು ವರದಿ. ಅಂಚು ಮಡಚಿ ಮಡಚಿ ಮೆತ್ತಗಾಗಿವೆ. ಪ್ರತಿ ಪುಟದಲ್ಲೂ ಪೆನ್ಸಿಲ್ ಗೆರೆ, ಒಂದೊಂದನ್ನೂ ಸ್ಕೇಲ್ ಇಟ್ಟು ಎಳೆದದ್ದು! ಮನುಷ್ಯ ಓದಿದ್ದಾನೆ. ಒಂದಲ್ಲ, ಎರಡೆರಡು ಸಲ ಓದಿದ್ದಾನೆ.

ಮೊದಲ ವರದಿಯ ಒಂಬತ್ತನೇ ಪುಟದಲ್ಲಿ ನಾನು ಬರೆದದ್ದು: “ಜಲಾವೃತ ಆವರ್ತನದ ವರ್ಧನೆ ಅಪೇಕ್ಷಣೀಯ.” ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ: “ಹಾಗಾದರೆ ಎಷ್ಟು ಸುತ್ತು?” ಎರಡನೇ ವರದಿಯಲ್ಲೂ ಅದೇ ಪ್ರಶ್ನೆ. ಮೂರನೆಯದರಲ್ಲೂ. ನಾಲ್ಕನೆಯದರಲ್ಲಿ ಬೇಸರ ಬಂದಿರಬೇಕು, ಬರೀ “ಸುತ್ತು?” ಎಂದಿತ್ತು. “ಹಸ್ತಕ್ಷೇಪರಹಿತ ತುಲನಾ ಕ್ಷೇತ್ರವನ್ನು ಯಥಾಸ್ಥಿತಿಯಲ್ಲಿ ಕಾಯ್ದುಕೊಳ್ಳತಕ್ಕದ್ದು” ಎಂಬಲ್ಲಿ: “ಇದು ಎಲ್ಲಿದೆ?”

ಎಲ್ಲಿದೆ! ನಾಲ್ಕೂ ವರದಿ ತಿರುವಿ ಹಾಕಿದೆ. ಅದು ಏಳನೇ ತುಂಡು ಎಂದು ನಾನು ಎಲ್ಲೂ ಬರೆದಿಲ್ಲ. ನನಗೆ ಗೊತ್ತಿತ್ತಲ್ಲ, ಬರೆಯಬೇಕು ಅನ್ನಿಸಿಯೇ ಇಲ್ಲ. ಅಷ್ಟರಲ್ಲಿ ಅವನೇ ಒಳಗೆ ಬಂದ.

“ಇಷ್ಟೆಲ್ಲ ಪ್ರಶ್ನೆ ಇಟ್ಕೊಂಡು ಯಾಕೆ ಕೇಳ್ಲಿಲ್ಲ?” ಅಂದೆ.

“ಕೇಳಿದ್ರೆ ಗೊತ್ತಿಲ್ಲ ಅಂತಾಗುತ್ತಲ್ಲ ಡಾಕ್ಟ್ರಮ್ಮ.” ಟೋಪಿ ತೆಗೆದು ಮೊಳೆಗೆ ಹಾಕಿದ. “ನೀವು ಯಾಕೆ ಹೇಳ್ಲಿಲ್ಲ?”

“ಬರೆದಿದೀನಲ್ಲ ಅಂದ್ಕೊಂಡಿದ್ದೆ.”

ವರದಿಗಳನ್ನು ಮೇಜಿನ ಮೇಲಿಟ್ಟು, ಸುತ್ತು ಎಂದರೇನು, ತೋರಿಸಿ ಅಂದೆ. ತೂಬಿನ ಮೇಲೆ ಕಬ್ಬಿಣದ ಚಕ್ರವಿದೆ. ಅದನ್ನು ತಿರುಗಿಸಿದಷ್ಟು ಬಾಗಿಲು ಮೇಲೇಳುತ್ತದೆ. ಮೂರು ವರ್ಷದಿಂದ ಎರಡೇ ಸುತ್ತಿನಲ್ಲಿ ನಿಂತಿದೆ, ಏಕೆಂದರೆ ಎಷ್ಟು ಎಂದು ಯಾರೂ ಅವನಿಗೆ ಹೇಳಿಲ್ಲ! ಆರಕ್ಕಿಂತ ಹೆಚ್ಚಾದರೆ ನೀರು ನುಗ್ಗಿ ಕಾಲುವೆಯ ದಡ ಕೊಚ್ಚುತ್ತದಂತೆ. ಇದು ನನಗೆ ಗೊತ್ತೇ ಇರಲಿಲ್ಲ. ಭರತದ ಹೊತ್ತಿಗೆ ಅವನು ಚಕ್ರ ತಿರುಗಿಸಿದ, ನಾನು ನಾಲ್ಕನೇ ತುಂಡಿನಲ್ಲಿ ಅಳತೆಕೋಲು ಹಿಡಿದು ನಿಂತೆ. ಆರನೇ ಸುತ್ತಿಗೆ ನೀರು ಕಾಲಿನ ಗೆಣ್ಣಿಗೆ ಬಂತು. ಸಾಕು ಸಾಕು ಎಂದು ಕೋಲು ಬೀಸಿ ಕುಣಿದೆ. ಒಂದು ಬೂಟು ಕೆಸರಿನಲ್ಲೇ ಉಳಿಯಿತು.

ಆರು ಸುತ್ತು! ಮೂರು ವರ್ಷ, ನಾಲ್ಕು ವರದಿ, ನೂರತೊಂಬತ್ತು ಪುಟ. ಉತ್ತರ ಇಷ್ಟೇ, ಆರು ಸುತ್ತು. ಆಕಾಶಕ್ಕೆ ಮೂರೇ ಗೇಣು ನನಗೆ.

ಮಾರ್ಚ್ 17, ಸೋಮವಾರ

ಅಕ್ಕನ ಪದ್ಧತಿ ಶುರುವಾಯಿತು. ದಿನಾ ಬೆಳಗ್ಗೆ ಒಂದು ತುಂಡಿನ ಅಂಚಿನಲ್ಲಿ ನಿಂತು ಒಬ್ಬರು ಮೂರು ಮಾತು ಹೇಳುವುದು, ಇನ್ನೊಬ್ಬರು ವಾಪಸ್ ಹೇಳುವುದು. ಮ್ಯಾನೇಜರು ಮೊದಲು ಇದೇನು ಶಾಲೆಯ ಕಂಠಪಾಠವೇ ಎಂದು ಮೂಗು ಮುರಿದರು. ಆಮೇಲೆ ಒಪ್ಪಿದರು.

ಇವತ್ತು ನನ್ನ ಸರದಿ. “ಮಣ್ಣಿನ ಲವಣಾಂಶದಲ್ಲಿ ಗಮನಾರ್ಹ ಇಳಿಕೆ ಕಂಡುಬರ್ತಿದೆ” ಅಂದೆ.

ಅವರು ಟೋಪಿ ಹಿಂದಕ್ಕೆ ಸರಿಸಿ, “ನೀವು ಏನೋ ಇಳೀತಿದೆ ಅಂದ್ರಿ, ಸಂತೋಷ ಪಡ್ಲಾ ಬೇಡ್ವಾ?” ಅಂದರು.

ಮತ್ತೆ ಹೇಳಿದೆ. ಮೂರನೇ ಸಲಕ್ಕೆ, ನೆಲದಲ್ಲಿ ಉಪ್ಪು ಕಟ್ಟಿಕೊಂಡಿತ್ತು, ನೀರು ದಿನಾ ಬಂದು ಹೋಗಿ ಅದನ್ನು ತೊಳೆಯುತ್ತಿದೆ ಅಂದೆ.

“ಅಂದ್ರೆ,” ಹುಬ್ಬು ಮೇಲೇರಿತು, “ಸಮುದ್ರದ ಉಪ್ಪುನೀರೇ ನೆಲದ ಉಪ್ಪನ್ನ ತೊಳೆಯುತ್ತಾ?”

“ಹೌದು! ಒಣಗಿದ ನೆಲದಲ್ಲಿ ಬಿಸಿಲಿಗೆ ಉಪ್ಪು ಗಟ್ಟಿಯಾಗಿ ಮೇಲೆ ಕೂರುತ್ತೆ. ಸಮುದ್ರದ ನೀರಲ್ಲಿ ಉಪ್ಪಿದ್ರೂ ಅಷ್ಟಿಲ್ಲ.”

“ಎಲಾ ಇದರ!” ಎಂದು ತೊಡೆ ತಟ್ಟಿಕೊಂಡರು. ಇದೇ ಸಂಗತಿಗೆ ನಾನು ಹದಿನಾಲ್ಕು ಪುಟ ಮೀಸಲಿಟ್ಟಿದ್ದೆ.

ಮಾರ್ಚ್ 29, ಶನಿವಾರ

ಇವತ್ತು ಅವರ ಸರದಿ, ಮಾತು ಕಾಗೆಯದು. ಕೊನೆಗೂ ಕೇಳಿಬಿಟ್ಟೆ.

“ನೀರು ಇಳಿದ್ಮೇಲೆ ಮಣ್ಣಲ್ಲಿ ಹುಳ ಇದ್ರೆ ಕಾಗೆ ಕೂರುತ್ತೆ. ಇಲ್ಲಾಂದ್ರೆ ಹಾರಿ ಹೋಗುತ್ತೆ. ಮೊದಲ ವರ್ಷ ಪೂರ್ತಿ ಒಂದೂ ಕೂತಿಲ್ಲ, ಬೇಕಾದ್ರೆ ನೋಡಿ.”

ನೋಡಿದೆ. ರಿಜಿಸ್ಟರಿನಲ್ಲಿ ಮೊದಲ ವರ್ಷ ಕಾಗೆ ಸೊನ್ನೆ, ಸೊನ್ನೆ, ಸೊನ್ನೆ. ಎರಡನೇ ವರ್ಷದ ಕೊನೆಗೆ ಒಂದು. ಈಗ ಆರು ಸುತ್ತಿನ ಮೇಲೆ ಐದು, ಏಳು! ನಾನು ಮಣ್ಣನ್ನು ಜರಡಿ ಹಿಡಿದು ಹುಳ ಎಣಿಸುವುದು ವರ್ಷಕ್ಕೆ ಎರಡು ಸಲ. ಇವರು ದಿನಾ ಎಣಿಸಿದ್ದಾರೆ, ಕಾಗೆಗಳ ಕೈಯಲ್ಲಿ. ನಾಚಿಕೆಯಾಯಿತು, ಖುಷಿಯೂ ಆಯಿತು. ಖುಷಿಯೇ ಹೆಚ್ಚು.

ಏಪ್ರಿಲ್ 9, ಬುಧವಾರ

ಎರಡನೇ ತುಂಡಿನಲ್ಲಿ ಚೌಕಟ್ಟು ಇಟ್ಟು ಎಣಿಸಿದರೆ ಒಂದು ಚದರ ಮೀಟರಿನಲ್ಲಿ ನಲವತ್ತೊಂದು ಮೊಳಕೆ! ನಲವತ್ತೊಂದು! ಎರಡು ಸಲ ಎಣಿಸಿದೆ. ಮ್ಯಾನೇಜರನ್ನು ಕರೆದು ಅವರ ಕೈಯಲ್ಲೂ ಎಣಿಕೆ ಮಾಡಿಸಿದೆ. ಅವರ ಲೆಕ್ಕಕ್ಕೆ ನಲವತ್ತಮೂರು ಬಂತು. ಅವರದೇ ಸರಿ.

ಏಪ್ರಿಲ್ 21, ಸೋಮವಾರ

ಏಳನೇ ತುಂಡಿನ ಸಸಿಗಳು ಸಾಯುತ್ತಿವೆ.

ಮೊದಲು ಎಲೆಯ ಅಂಚು ಸುಟ್ಟ ಹಾಗಾಯಿತು. ಕೆಲಸದವರು ಡ್ರಮ್ಮಿನಲ್ಲಿ ಸಿಹಿನೀರು ಹೊತ್ತು ದಿನಾ ಹಾಕಿದರು, ಉಪಯೋಗವಾಗಲಿಲ್ಲ. ಬುಡದ ಸುತ್ತ ಬಿಳಿ ಉಪ್ಪು ಮೇಲೆದ್ದಿದೆ. ಆರುನೂರರಲ್ಲಿ ಅರ್ಧಕ್ಕರ್ಧ ಹೋಗಿವೆ. ಮ್ಯಾನೇಜರು ಒಂದೊಂದು ಸಾಲಿನ ಮುಂದೆಯೂ ನಿಂತು ಹೋದರು. ಇವತ್ತಿನ ರಿಜಿಸ್ಟರಿನಲ್ಲಿ ಗಾಳಿ ಇದೆ, ಕಾಗೆ ಇದೆ, ಏಳನೇ ತುಂಡಿನ ಸುದ್ದಿ ಇಲ್ಲ.

“ಸಮಿತಿ ಬರೋ ಮುಂಚೆ ಇವನ್ನೆಲ್ಲ ಕಿತ್ತು ಹೊಸದು ಹಾಕ್ಸ್ತೀನಿ. ಯಾರಿಗೂ ಗೊತ್ತಾಗಲ್ಲ,” ಅಂದರು.

ಯಾರಿಗೂ ಗೊತ್ತಾಗದ ಹಾಗೆ! ಇದೆಂಥ ಮಾತು ಎಂದು ರೇಗಿಹೋಯಿತು. ಆದರೆ ನನ್ನ ವರದಿಯಲ್ಲೂ ಏಳನೇ ತುಂಡೇ ಇಲ್ಲವಲ್ಲ.

ಏಪ್ರಿಲ್ 30, ಬುಧವಾರ

ಬರೆಯುತ್ತೇನೆ, ಬರೆಯುತ್ತೇನೆ, ಒಂದೂ ಬಿಡದೆ ಬರೆಯುತ್ತೇನೆ.

ಬೆಳಗಿನ ಸರದಿ ಏಳನೇ ತುಂಡಿನದು. ಇಬ್ಬರಿಗೂ ಅಲ್ಲಿ ನಿಲ್ಲಲು ಇಷ್ಟವಿರಲಿಲ್ಲ, ಆದರೆ ಸರದಿ ತಪ್ಪಿಸಬಾರದು ಎಂದು ನಾವೇ ಮಾಡಿಕೊಂಡ ನಿಯಮ. ಬೇಗ ಮುಗಿಸೋಣವೆಂದು ಗಡಿಬಿಡಿಯಲ್ಲಿ ಹೇಳಿದೆ. “ಇಲ್ಲಿ ಸಸಿ ಹಾಕಿದೆ. ನೀರು ಬಿಟ್ಟಿಲ್ಲ. ಎಲ್ಲಾ ಸತ್ತಿವೆ.”

ಮ್ಯಾನೇಜರು ತಲೆ ತಗ್ಗಿಸಿ ವಾಪಸ್ ಹೇಳಿದರು. “ಇಲ್ಲಿ ಸಸಿ ಹಾಕಿದೆ. ನೀರು ಬಿಟ್ಟಿಲ್ಲ. ಎಲ್ಲಾ ಸತ್ತಿವೆ.”

ಆಮೇಲೆ ಸುಮ್ಮನಾಗಲಿಲ್ಲ. ನಿಧಾನಕ್ಕೆ ಪಕ್ಕದ ಆರನೇ ತುಂಡಿನ ಕಡೆ ತಿರುಗಿದರು. ಅಲ್ಲಿ ಹಸಿರು ಹೊಳೆಯುತ್ತಿತ್ತು.

“ಅಲ್ಲಿ ಸಸಿ ಹಾಕಿಲ್ಲ. ನೀರು ಬಿಟ್ಟಿದೆ. ಎಲ್ಲಾ ಬದುಕಿವೆ.”

ನನ್ನ ಕೈಲಿದ್ದ ಚೌಕಟ್ಟು ಬಿತ್ತು. ದೇವರೇ! ಎರಡು ತಿಂಗಳಿಂದ ಹಾಳಾಯಿತು, ಹಾಳಾಯಿತು ಎಂದು ಬಾಯಿ ಬಡಿದುಕೊಂಡಿದ್ದೆ. ಏನೂ ಮಾಡದೆ ಬಿಟ್ಟಿದ್ದರೆ ಅದು ತೋರಿಸುತ್ತಿದ್ದದ್ದು ಇಷ್ಟೇ, ಬೋಳು ನೆಲ ಬೋಳಾಗಿಯೇ ಇರುತ್ತದೆ ಎಂದು. ಈಗ ಸಮಿತಿ ನಿಜವಾಗಿ ಕೇಳುವ ಪ್ರಶ್ನೆಗೇ ಉತ್ತರ ಸಿಕ್ಕಿದೆ. ತೂಬು ಯಾಕೆ ಬೇಕು, ಸಸಿ ನೆಟ್ಟರೆ ಸಾಲದೇ? ಸಾಲದು! ಒಳ್ಳೆಯ ಸಸಿ, ಒಳ್ಳೆಯ ಕೈ, ದಿನಾ ಸಿಹಿನೀರು, ಆದರೂ ಸಾಲದು!

ಕುಣಿಯುವಷ್ಟು ಖುಷಿಯಲ್ಲಿ ಹೇಳುತ್ತಲೇ ಹೋದೆ. ಅವರ ಮುಖ ನೋಡಿದ್ದು ಆಮೇಲೆ.

“ನಲವತ್ತು ವರ್ಷದ ಕೈಕೆಲಸ ಡಾಕ್ಟ್ರಮ್ಮ. ನನ್ನ ಕೈಲಿ ಸಸಿ ಸಾಯಲ್ಲ ಅಂತ ಊರೆಲ್ಲ ಹೇಳ್ತಾರೆ. ಸಸಿ ನೆಡೋ ಯೋಜನೆ ಸಮಿತಿಗೆ ಬರ್ದುಕೊಟ್ಟಿದ್ದೂ ನಾನೇ. ಈಗ ಅವರೆದುರು ನಿಂತು ನನ್ನ ಹೆಣಗಳನ್ನ ನಾನೇ ತೋರಿಸ್ಲಾ?”

ಚೌಕಟ್ಟು ಎತ್ತಿಕೊಂಡು ಇಬ್ಬರೂ ಶೆಡ್ಡಿನವರೆಗೆ ನಡೆದೆವು. ಕೀಳಿಸುವುದು, ಬಿಡುವುದು ಅವರ ಕೈಯಲ್ಲಿದೆ. ಕೆಲಸದವರು ಅವರ ಮಾತು ಕೇಳುತ್ತಾರೆ, ನನ್ನದಲ್ಲ.

ಮೇ 2, ಶುಕ್ರವಾರ

ವರದಿಗೆ ಏಳನೇ ತುಂಡನ್ನು ವಾಪಸ್ ಸೇರಿಸಿದೆ. “ಇದನ್ನು ಮುಟ್ಟಬಾರದು ಎಂದು ನಾನು ಮ್ಯಾನೇಜರಿಗೆ ಹೇಳಿರಲಿಲ್ಲ” ಎಂದೂ ಬರೆದೆ. ಬರೆಯಲು ಅರ್ಧ ದಿನ ಹಿಡಿಯಿತು. ಒಟ್ಟು ವರದಿ ಹನ್ನೊಂದು ಪುಟ. ಅಕ್ಕ ಓದಿ, “ಅರ್ಥ ಆಯ್ತಲ್ಲೇ!” ಎಂದು ಗಾಬರಿಪಟ್ಟಳು.

ಮೇ 8, ಗುರುವಾರ

ಎಂಟು ದಿನ ಅವರು ಏಳನೇ ತುಂಡಿನ ಮಾತೆತ್ತಲಿಲ್ಲ. ನಾನೂ ಕೇಳಲಿಲ್ಲ, ತುಟಿ ಕಚ್ಚಿಕೊಂಡಿದ್ದೆ. ಇವತ್ತು ಬೆಳಗ್ಗೆ ಹೋದಾಗ ಮ್ಯಾನೇಜರು ಮೊಣಕಾಲೂರಿ ಅಲ್ಲಿ ಗೂಟ ಹೊಡೆಯುತ್ತಿದ್ದರು. ಹೊಸ ಸಸಿ ಹಾಕಲು ಅಳತೆ ಎಂದೇ ತಿಳಿದೆ.

ಅಲ್ಲ! ಏಳನೇ ತುಂಡಿನ ಸುತ್ತ ನಾಲ್ಕೂ ಕಡೆ ದಾರ ಕಟ್ಟಿದ್ದಾರೆ. ದಾರಕ್ಕೆ ಒಂದು ರಟ್ಟು ನೇತಾಡುತ್ತಿದೆ. “ಯಾರೂ ಮುಟ್ಟಬಾರದು. ಒಂದು ಕಡ್ಡಿಯನ್ನೂ ಕೀಳಬಾರದು.”

“ಎಲ್ಲಿದೆ ಅಂತ ಈಗ ಎಲ್ರಿಗೂ ಗೊತ್ತಾಗುತ್ತೆ,” ಎಂದು ಮಂಡಿಯ ಮಣ್ಣು ಕೊಡವಿದರು.

ಅಳು ಬಂತು. ಗಾಳಿ ಎಂದೆ. ಗಾಳಿ ಸಾಧಾರಣವಾಗಿತ್ತು.

ಮೇ 14, ಬುಧವಾರ

ಆಯಿತು! ಆಯಿತು!

ಸಮಿತಿಯ ಐದು ಜನ ಹೊಸ ಬೂಟು ಹಾಕಿಕೊಂಡು ಬಂದರು. ಅಧ್ಯಕ್ಷೆ ದೊಡ್ಡ ಎಂಜಿನಿಯರಂತೆ, ಕನ್ನಡಕದ ಮೇಲಿಂದ ನೋಡುವ ಹೆಂಗಸು. ಶೆಡ್ಡಿನಲ್ಲಿ ಕುರ್ಚಿ ಹಾಕಿದ್ದರೂ ನಾವು ಕೂರಿಸಲಿಲ್ಲ. ನೇರವಾಗಿ ಆರನೇ ಮತ್ತು ಏಳನೇ ತುಂಡಿನ ನಡುವೆ ತಂದು ನಿಲ್ಲಿಸಿದೆವು.

ಮ್ಯಾನೇಜರು ಟೋಪಿ ತೆಗೆದು ಕೈಯಲ್ಲಿ ಹಿಡಿದರು.

“ಈ ಆರುನೂರು ಸಸಿ ನೆಡ್ಸಿದ್ದು ನಾನು. ನನ್ನ ನರ್ಸರಿಯ ಒಳ್ಳೇ ಸಸಿ. ಬದುಕಿರೋದು ನಾಲ್ಕು. ಆ ಕಡೆ ನಾನು ಏನೂ ಮಾಡ್ಲಿಲ್ಲ, ಚಕ್ರ ತಿರುಗಿಸಿದೆ ಅಷ್ಟೇ. ನೋಡಿ.”

ಐವರೂ ನೋಡಿದರು. ಒಬ್ಬರು ಬಗ್ಗಿ ಒಣಗಿದ ಕಡ್ಡಿಯನ್ನು ಮುಟ್ಟಲು ಹೋದಾಗ ಮ್ಯಾನೇಜರು ರಟ್ಟನ್ನು ತೋರಿಸಿದರು.

ಅಧ್ಯಕ್ಷೆ ಕೇಳಿದರು. “ಅಂದ್ರೆ ದೊಡ್ಡ ತೂಬು ತೆಗೆದ್ರೆ ಇಡೀ ಜೌಗು ಹೀಗೇ ಆಗುತ್ತೆ ಅಂತ ಖಾತ್ರಿನಾ?”

ಇಲ್ಲಿ ನೋಡಿ, ನನಗೆ ತಲೆ ಕೆಟ್ಟುಹೋಯಿತು! ಅಷ್ಟು ಚೆನ್ನಾಗಿ ಮಾತಾಡಿದ ಮನುಷ್ಯ ಗಡ್ಡ ಕೆರೆಯುತ್ತಾ, “ಖಾತ್ರಿ ಅಂತ ಹೇಳೋಕಾಗಲ್ಲ ಮೇಡಂ. ಸಸಿ ನೆಟ್ಟು ನೋಡಿದ್ದು ಒಂದೇ ತುಂಡಲ್ಲಿ. ಇನ್ನೂ ನಾಲ್ಕಾರು ಕಡೆ ನೋಡ್ಬೇಕು. ಮಣ್ಣು ಎಲ್ಲಾ ಕಡೆ ಒಂದೇ ಥರ ಇರಲ್ಲ, ವರ್ಷಾ ವರ್ಷಾ ಅಳೀತಾ ಹೋಗ್ಬೇಕು…” ಎಂದು ರಾಗ ಎಳೆಯತೊಡಗಿದರು. ಸಮಿತಿಗೆ ಬೇಕಾಗಿರುವುದು ಒಂದು ಉತ್ತರ. ಇಂಥ ಹೊತ್ತಿನಲ್ಲಿ ಹಾಗೂ ಉಂಟು ಹೀಗೂ ಉಂಟು ಎಂದರೆ ಯಾರಿಗೆ ಏನು ತಿಳಿಯಬೇಕು? ಯಾರಾದರೂ ನೇರವಾಗಿ ಹೇಳಬೇಕಲ್ಲ!

“ತೆಗೀಬೇಕು,” ಅಂದೆ. “ತೂಬು ತೆಗೀಬೇಕು. ಹದಿನೆಂಟು ಸುತ್ತು, ಪೂರ್ತಿ. ವಾರಕ್ಕೆ ಎರಡು ಸುತ್ತಿನ ಹಾಗೆ, ದಡ ನೋಡ್ಕೊಂಡು.”

ಮ್ಯಾನೇಜರು ನನ್ನ ಕಡೆ ತಿರುಗಿ ಅದೇನೋ ವಿಚಿತ್ರವಾಗಿ ನೋಡಿದರು. ಆಮೇಲೆ ನಕ್ಕರು. ಯಾಕೆ ಎಂದು ಕೇಳಲು ಬಿಡುವಿರಲಿಲ್ಲ, ಏಕೆಂದರೆ ಅಧ್ಯಕ್ಷೆ ಸರಿ ಎಂದು ತಲೆಯಾಡಿಸಿ ಹೊರಟೇಬಿಟ್ಟಿದ್ದರು.

“ಮೇಡಂ, ಒಂದ್ನಿಮಿಷ,” ಎಂದೆ. “ನಾವೀಗ ಹೇಳಿದ್ದನ್ನ ದಯವಿಟ್ಟು ಒಂದ್ಸಲ ವಾಪಸ್ ಹೇಳ್ತೀರಾ?”

ಕನ್ನಡಕದ ಮೇಲಿಂದ ನೋಡಿದರು. ಆದರೆ ಅವರು ನಿಂತರು, ಹೇಳಿದರು. “ಸಸಿ ಹಾಕಿ ನೀರು ಬಿಡದ ಕಡೆ ಸತ್ತಿದೆ. ಸಸಿ ಹಾಕದೆ ನೀರು ಬಿಟ್ಟ ಕಡೆ ಬದುಕಿದೆ. ಹದಿನೆಂಟು ಸುತ್ತು, ನಿಧಾನಕ್ಕೆ. ಆಮೇಲೂ ಅಳೀತಾ ಇರ್ಬೇಕು.” ಸ್ವಲ್ಪ ತಡೆದು, “ಸರಿಯಾಗಿ ಹೇಳಿದ್ನಾ?” ಅಂದರು.

“ಸರಿಯಾಗಿದೆ,” ಎಂದು ಇಬ್ಬರೂ ಒಟ್ಟಿಗೇ ಅಂದೆವು.

ಮೇ 22, ಗುರುವಾರ

ಪತ್ರ ಬಂತು. ಒಪ್ಪಿದ್ದಾರೆ. ಏನೂ ಬರೆಯಲಾರೆ. ಅಕ್ಕನನ್ನು ಎತ್ತಿ ತಿರುಗಿಸಿದೆ, ಸೊಂಟ ಹಿಡಿದುಕೊಂಡಿದೆ.

ಮೇ 30, ಶುಕ್ರವಾರ

ದೊಡ್ಡ ತೂಬು ಎರಡು ಸುತ್ತು. ಒಂದು ಮ್ಯಾನೇಜರು, ಒಂದು ನಾನು. ದಡ ಗಟ್ಟಿ ಇದೆ. ಇನ್ನು ಹದಿನಾರು.

ಏಳನೇ ತುಂಡಿನ ದಾರ ಬಿಚ್ಚಿದರು. ಹತ್ತೂ ಇಪ್ಪತ್ತಕ್ಕೆ ಅಲ್ಲಿಗೂ ನೀರು ಬಂತು.

ಗಾಳಿ ಸಾಧಾರಣ.

ಕಾಗೆ ಎಣಿಸುವ ಪಾಳಿ ನನ್ನದು. ಎಣಿಸಲಾಗಲಿಲ್ಲ, ಅಷ್ಟಿದ್ದವು.